ಲಾಗರಿಗೆ ಒಂದು ಹಿಡಿ ಹಾಪುಸ್

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತಮೂರರಲ್ಲಿ. ಏಳನೇ ಇಯತ್ತೆ, ಅಂದರೆ ಮುಲ್ಕಿ ಪರೀಕ್ಷೆ, ಪಾಸಾಗಿ ನಿಲ್ಲಿಸಿದೆ. ಫೇಲಾಗಿ ನಿಲ್ಲಿಸಿದವರ ಪೈಕಿ ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಕಾಲಕ್ಕೆ ನಮ್ಮ ವಿಜಾಪುರದ ಕಡೆ ಇಂಗ್ಲಿಷ್ ಎಂಬುದು ಎಂಟನೇ ಇಯತ್ತೆಯಿಂದ ಶುರುವಾಗುತ್ತಿತ್ತು. ಹೀಗಾಗಿ ಅದು ಸಾಲೆಯೊಳಗೆ ಬರುವ ಹೊತ್ತಿಗೆ ನಾನು ಹೊರಗೆ ಹೋಗುತ್ತಿದ್ದೆ. ಬಾಗಿಲಲ್ಲಿ ಭುಜಕ್ಕೆ ಭುಜ ತಾಕಿಸಿಕೊಂಡು ದಾಟಿದೆವೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕನ್ನಡದಲ್ಲಿ ನನಗೆ ಯಾರ ಹಂಗೂ ಇಲ್ಲ. ಮೂವತ್ತರ ತನಕ ಮಗ್ಗಿಯನ್ನು ಇವತ್ತಿಗೂ ನಿದ್ದೆಯಲ್ಲಿ ಹೇಳುತ್ತೇನೆ. ಆದರೆ ಮುಂಬಯಿಗೆ ಬಂದ ಮೇಲೆ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಾಗೆಯೇ ಇಪ್ಪತ್ತು ವರ್ಷ ಸಾಗಿಹೋಯಿತು. ಯಾರಾದರೂ ಇಂಗ್ಲಿಷ್ ಕಾಗದ ಕೈಗೆ ಕೊಟ್ಟರೆ ‘ಕನ್ನಡಕ ಮನೆಯಲ್ಲಿದೆ’ ಎನ್ನುತ್ತಿದ್ದೆ. ನನಗೆ ಕನ್ನಡಕವೇ ಇರಲಿಲ್ಲ. ಅದು ಮನೆಯಲ್ಲಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಬಾರದ ವಿದ್ಯೆಯನ್ನು ಬರುತ್ತದೆ ಎಂಬಂತೆ ಹೊತ್ತು ತಿರುಗುವುದು ಅದನ್ನು ಕಲಿಯುವುದಕ್ಕಿಂತ ಹೆಚ್ಚು ದಣಿವಿನ ಕೆಲಸ. ಇದು ನನಗೆ ತಿಳಿದದ್ದು ಬಿಯರು ಮಾಡಲು ಹೋಗಿ. ಬಿಯರು ಎಂದೊಡನೆ ನನ್ನ ಬಗ್ಗೆ ಬೇರೆ ಕಲ್ಪನೆ ಮಾಡಿಕೊಳ್ಳಬೇಡಿ. ಕೊರಳಲ್ಲಿ ಲಿಂಗ ಇರುವ ಮನುಷ್ಯ ನಾನು. ಕುಡಿಯುವುದಕ್ಕಲ್ಲ, ಕುರ್ಚಿಗಾಗಿ ಮಾಡಿದೆ.

ಕುರ್ಚಿಯ ವಿಷಯ ಹೇಳುತ್ತೇನೆ. ಗೋರೆಗಾಂವಿನ ಒಂದು ಬರ್ಫ್ ಕಾರಖಾನೆಯಲ್ಲಿ ನಾನು ಕಂಪ್ರೆಸರ್ ಆಪರೇಟರ್. ಬರ್ಫ್ ಎಂದರೆ ಚಪ್ಪಡಿ ಚಪ್ಪಡಿಯಾಗಿ ಬಂದರಿನ ಮೀನಿನ ಧಕ್ಕೆಗೂ ಸೋಡಾ ಗಾಡಿಗಳಿಗೂ ಹೋಗುವ ಮಂಜುಗಡ್ಡೆ. ಇಡೀ ಮುಂಬಯಿ ಬೆವರುವಾಗ ನಾವು ಆರು ಜನ ಒಳಗೆ ಸ್ವೆಟರ್ ಹಾಕಿಕೊಂಡಿರುತ್ತಿದ್ದೆವು, ಹೊರಗೆ ಬಂದರೆ ಬನಿಯನ್ನೂ ಬೇಡವೆನಿಸುತ್ತಿತ್ತು. ಐವತ್ತೇಳರಲ್ಲಿ ಸೇರಿದವನು ಕಂಪ್ರೆಸರಿನ ಪಕ್ಕದಲ್ಲಿ ನಿಂತೇ ಇದ್ದೆ. ಅದರ ಗದ್ದಲಕ್ಕೆ ನನ್ನ ಎಡಗಿವಿ ಹತ್ತು ವರ್ಷದಲ್ಲಿ ರಾಜೀನಾಮೆ ಕೊಟ್ಟಿತು. ಆಪರೇಟರಿಗೆ ಒಂದು ಸ್ಟೂಲು, ಅದೂ ಮೂರು ಕಾಲಿನದು. ಪ್ಲಾಂಟ್ ಇನ್‌ಚಾರ್ಜಿಗೆ ಬೆನ್ನು ಇರುವ, ಕೈ ಇರುವ ಕುರ್ಚಿ, ಮುಂದೆ ಗಾಜು ಹಾಸಿದ ಟೇಬಲ್ಲು. ಹದಿನಾರು ವರ್ಷ ನಾನು ಆ ಕುರ್ಚಿಯ ಬೆನ್ನನ್ನು ನೋಡಿದಷ್ಟು ಭಕ್ತಿಯಿಂದ ದೇವರ ಮುಖವನ್ನೂ ನೋಡಿಲ್ಲ. ಅದರಲ್ಲಿ ಕೂತಿದ್ದವರು ಹೋರ್ಮಸ್‌ಜಿ ಸಾಹೇಬರು. ಪಾರ್ಸಿ ಮನುಷ್ಯ, ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು, ನನಗೆ ಯಂತ್ರದ ಒಂದೊಂದು ನಟ್ಟನ್ನೂ ಕೈಹಿಡಿದು ಕಲಿಸಿದವರು. ಎಪ್ಪತ್ತಮೂರರ ಜೂನ್ ಕೊನೆಗೆ ಅವರು ರಿಟೈರ್ ಆಗುವವರಿದ್ದರು. ಕುರ್ಚಿಗೆ ಇಬ್ಬರು: ಒಬ್ಬ ನಾನು, ಇನ್ನೊಬ್ಬ ಎರಡು ವರ್ಷದ ಹಿಂದೆ ಬಂದಿದ್ದ ಪ್ರಭಾಕರ. ಅವನಿಗೆ ಡಿಪ್ಲೊಮಾ ಆಗಿತ್ತು, ಅದಕ್ಕೇ ಎಲ್ಲರೂ ಅವನನ್ನು ಡಿಪ್ಲೊಮಾ ಎಂದೇ ಕರೆಯುತ್ತಿದ್ದರು. ಹುಡುಗ ಕೆಟ್ಟವನಲ್ಲ. ಯಂತ್ರ ಕೆಟ್ಟರೆ ಪುಸ್ತಕ ತೆಗೆದು ನೋಡುತ್ತಿದ್ದ. ನಾನು ಅಂಗೈ ಇಟ್ಟು ನೋಡುತ್ತಿದ್ದೆ. ಮಾಲೀಕ ಸೇಠ್‌ ಒಂದೇ ಮಾತು ಹೇಳಿದ್ದ: ಹೋರ್ಮಸ್‌ಜಿ ಯಾರ ಹೆಸರು ಹೇಳುತ್ತಾರೋ ಅವರಿಗೆ ಕುರ್ಚಿ, ಆದರೆ ದಿನಾ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಬೇಕು.

ರಿಪೋರ್ಟಿನ ಅಂಜಿಕೆ ನನಗಿರಲಿಲ್ಲ. ಹದಿನಾರು ವರ್ಷದಿಂದ ಲಾಗ್ ಬುಕ್ ನಾನೇ ತುಂಬುತ್ತಿದ್ದೆನಲ್ಲ. ಪ್ರೆಶರ್ ಎಷ್ಟು, ಟೆಂಪರೇಚರ್ ಎಷ್ಟು ಎಂಬ ಅಂಕಿಗಳನ್ನು ಮುತ್ತಿನಂತೆ ಬರೆಯುತ್ತಿದ್ದೆ. ಕೊನೆಯ ಅಗಲವಾದ ಖಾನೆಯಲ್ಲಿ ಸಾಹೇಬರು ಮೊದಲನೇ ದಿನ ‘ಆಲ್ ಓ.ಕೆ.’ ಎಂದು ಬರೆದು ತೋರಿಸಿದ್ದರು. ಅದೇ ಅಕ್ಷರ, ಅದೇ ಓರೆ, ಅದೇ ಚುಕ್ಕೆ. ಅಂದಿನಿಂದ ಅದನ್ನೇ ಬರೆದೆ. ಕಾರಖಾನೆಯಲ್ಲಿ ನನಗೆ ಒಳ್ಳೆಯ ಹೆಸರೂ ಇತ್ತು. ಆರು ವರ್ಷದ ಹಿಂದೆ ಅಮೋನಿಯಾ ಗ್ಯಾಸ್ ಸೋರಿದಾಗ ಎಲ್ಲರೂ ಗೇಟಿನ ಕಡೆ ಓಡಿದರೆ ನಾನು ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ವಾಲ್ವ್ ಮುಚ್ಚಿ ಬಂದಿದ್ದೆ. ಅದನ್ನು ನೆನೆಸಿಕೊಂಡಾಗಲೆಲ್ಲ ಸಾಹೇಬರು ನನ್ನ ಬೆನ್ನು ತಟ್ಟಿ, ಲಾಗ್ ಬುಕ್ಕಿನ ಕಡೆ ಕೈ ತೋರಿಸಿ, ಏನೋ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಯಾಕೆ ನಗುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಸೆಕೆಯ ಮಧ್ಯಾಹ್ನ ಸಾಹೇಬರು ಕಂಪ್ರೆಸರಿನ ಹತ್ತಿರ ಬಂದು ನಿಟ್ಟುಸಿರು ಬಿಟ್ಟರು. ಹಡಗಿನಲ್ಲಿದ್ದಾಗ ಯಾವುದೋ ಜರ್ಮನ್ ಬಂದರಿನಲ್ಲಿ ಕುಡಿದ ಲಾಗರ್ ಎಂಬ ಬಿಯರು ನೆನಪಾಗಿತ್ತು. ಸರಕಾರಿ ಪರ್ಮಿಟ್ಟಿನ ಮೇಲೆ ಇಲ್ಲಿ ಸಿಗುವುದು ಸಾಬೂನು ನೀರು, ಅದೂ ಬಿಸಿ, ಎಂದು ಗೊಣಗಿದರು. ಲಾಗರ್ ಎಂದರೆ ಜರ್ಮನಿಯವರ ಮಾತಿನಲ್ಲಿ ಉಗ್ರಾಣವಂತೆ. ಆರು ವಾರ ಥಂಡಿಯಲ್ಲಿ, ಕತ್ತಲಲ್ಲಿ, ಯಾರೂ ಮುಟ್ಟದಂತೆ ಇಡಬೇಕು. ಆಮೇಲೆ ತೆಗೆದರೆ ಬಂಗಾರ. ಈ ವಿವರ ಕೇಳಿ ನನಗೆ ಒಂಥರ ಆತ್ಮೀಯತೆ ಬಂತು. ಹದಿನಾರು ವರ್ಷ ಥಂಡಿಯಲ್ಲಿ ಕತ್ತಲಲ್ಲಿ ನನ್ನನ್ನೂ ಇಟ್ಟಿದ್ದರು, ಯಾರೂ ತೆಗೆದಿರಲಿಲ್ಲ. ಥಂಡಿ ನನ್ನ ಕೈಯಲ್ಲಿದೆ, ಉಳಿದದ್ದು ಅಡಿಗೆ, ನಾನು ಮಾಡಿಕೊಡುತ್ತೇನೆ ಎಂದುಬಿಟ್ಟೆ. ಕುರ್ಚಿ ಹತ್ತಿರ ಬಂದಾಗ ಮನುಷ್ಯ ಇಂಥ ಮಾತುಗಳನ್ನು ಆಡುತ್ತಾನೆ. ಸಾಹೇಬರ ಕಣ್ಣು ಚಿಕ್ಕ ಮಕ್ಕಳ ಕಣ್ಣಿನಂತೆ ಹೊಳೆಯಿತು. ಲಾಗ್ ಬುಕ್ಕಿನ ಒಂದು ಹಾಳೆ ಹರಿದು ಸರಸರನೆ ಇಂಗ್ಲಿಷಿನಲ್ಲಿ ಬರೆದು ಕೊಟ್ಟರು. ಬಾಯಲ್ಲೂ ಹೇಳಿದರು: ಬಾರ್ಲಿ ಮೊಳಕೆ ಕಟ್ಟಿ ಒಣಗಿಸು, ಕುಟ್ಟು, ಬೇಯಿಸಿ ಸೋಸು, ಸಕ್ಕರೆ ಹಾಕು, ಹುದುಗು ಬರಲು ಪಾವ್ ಬೇಕರಿಯ ಖಮೀರು ತಾ. ಎಲ್ಲ ಹಿಂದಿಯಲ್ಲೇ, ನನ್ನ ಬಲಗಿವಿಗೆ. ಕೊನೆಯ ಒಂದು ಸಾಮಾನಿಗೆ ಬರುವಾಗ ಅವರು ತಿರುಗಿ ನನ್ನ ಎಡಕ್ಕೆ ಬಂದರು, ಅಷ್ಟರಲ್ಲಿ ಎರಡನೇ ಕಂಪ್ರೆಸರ್ ಶುರುವಾಯಿತು. ನನಗೆ ಕೇಳಿಸಿದ್ದು ಇಷ್ಟೇ:

“ಔರ್ ಹಾಪುಸ್ ಮಿಲೇ ತೋ ಬಹುತ್ ಅಚ್ಛಾ, ನಹೀ ತೋ...”

ಸಿಕ್ಕರೆ ಬಹಳ ಒಳ್ಳೆಯದು; ನಹೀ ತೋ, ಅಂದರೆ ಇಲ್ಲದಿದ್ದರೆ, ಎಂಬುದರ ಮುಂದಿನದು ಕಂಪ್ರೆಸರಿನ ಹೊಟ್ಟೆಗೆ ಹೋಯಿತು. ನಾನು ರೂಢಿಯಂತೆ ‘ಹಾಂ ಸಾಬ್’ ಎಂದೆ.

ಕುರ್ಲಾದಲ್ಲಿ ನಮ್ಮದು ಚಾಳಿನ ಎರಡನೇ ಮಾಳಿಗೆಯ ಒಂದು ಖೋಲಿ, ಅಂದರೆ ಒಂದೇ ಕೋಣೆಯ ಮನೆ. ನಾನು, ಹೆಂಡತಿ ಗಂಗವ್ವ, ಮಗಳು ಗೌರಿ. ಗೌರಿಗೆ ಹದಿಮೂರು ವರ್ಷ. ಇಂಗ್ಲಿಷ್ ಮೀಡಿಯಂ ಸಾಲೆಗೇ ಹಾಕಿದ್ದೆ. ಅದೂ ನನ್ನ ಹಟವೇ. ಅವಳು ನನ್ನ ಎದುರಿಗೇ ಕೂತು ಇಂಗ್ಲಿಷ್ ಪಾಠ ಬಾಯಿಪಾಠ ಮಾಡುತ್ತಿದ್ದಳು. ಆ ಚೀಟಿಯನ್ನು ಅವಳ ಕೈಗೆ ಕೊಟ್ಟಿದ್ದರೆ ಒಂದು ನಿಮಿಷದ ಕೆಲಸ. ಕೊಡಲಿಲ್ಲ. ಮಗಳ ಮುಂದೆ ಅಪ್ಪನ ಕನ್ನಡಕ ಮನೆಯಲ್ಲಿದೆ ಎನ್ನಲು ಬರುವುದಿಲ್ಲ, ಮನೆಯಲ್ಲೇ ಇದ್ದೇವಲ್ಲ. ಹೊರಗಿನ ಗ್ಯಾಲರಿಯಲ್ಲಿ ಬೆನ್ನು ತಿರುಗಿಸಿ ಕೂತು ನಾನೇ ಬಿಡಿಸಿದೆ. ಬಹಳ ಶಬ್ದಗಳು ಯಂತ್ರದ ಮೈಮೇಲೆ ನೋಡಿದವೇ ಆಗಿದ್ದವು, ಉಳಿದವನ್ನು ಹಾರಿಸಿದೆ. ವಾಟರ್, ಬಾಯಿಲ್, ಅವರ್, ಕೋಲ್ಡ್. ‘ಹ್ಯಾಂಡ್’ ಎಂಬುದು ಹ್ಯಾಂಡ್ ವೀಲಿನದು, ‘ಫುಲ್’ ಎಂಬುದು ಫುಲ್ ಲೋಡಿನದು. ಎರಡೂ ಕೂಡಿದರೆ ಕೈ ತುಂಬ. ಅದರ ಹಿಂದೆಯೇ ಎಚ್, ಓ, ಪಿ, ಎಸ್. ಒಂದೊಂದೇ ಅಕ್ಷರ ಕೂಡಿಸಿದೆ. ಹಾ... ಪು... ಸ್. ಹಾಪುಸ್! ಕಿವಿಗೆ ಕೇಳಿದ್ದೂ ಅದೇ, ಕಣ್ಣಿಗೆ ಕಂಡದ್ದೂ ಅದೇ. ಮುಂಬಯಿಯಲ್ಲಿ ಹಾಪುಸ್ ಗೊತ್ತಿಲ್ಲದವರು ಯಾರು? ಮಾವಿನ ಹಣ್ಣುಗಳ ರಾಜ, ರತ್ನಾಗಿರಿಯಿಂದ ಹುಲ್ಲಿನ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬರುವಂಥದು. ಜರ್ಮನಿಯವರಿಗೆ ಅದು ಎಲ್ಲಿಂದ ಸಿಕ್ಕಿತು ಎಂಬ ಸಂದೇಹ ಒಂದು ಕ್ಷಣ ಬಂತು. ಹಡಗಿನವರಲ್ಲವೇ, ಒಯ್ದಿರುತ್ತಾರೆ ಎಂದುಕೊಂಡೆ. ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಇಂಗ್ಲಿಷ್ ಕಾಗದವೊಂದನ್ನು ನಾನು ಸ್ವಂತ ಓದಿದ್ದೆ. ಆ ಸಂಜೆ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಊಟಕ್ಕೆ ಕೂತಾಗ ಗಂಗವ್ವ ಹೊಟ್ಟೆಯುಬ್ಬರ ಏನರೆ ಆಗೇತೇನು ಎಂದು ಕೇಳಿದಳು.

ಅವಳಿಗೆ ನಿಜ ಹೇಳುವಂತಿರಲಿಲ್ಲ. ಸಾಹೇಬರ ಹೊಟ್ಟೆಯಲ್ಲಿ ಕಲ್ಲಾಗಿದೆ, ಡಾಕ್ಟರು ಬಾರ್ಲಿಯ ಔಷಧ ಬರೆದಿದ್ದಾರೆ, ಮಾಡಿಕೊಟ್ಟರೆ ಪುಣ್ಯ ಎಂದೆ. ಕಿರಾಣಿ ಅಂಗಡಿಯಿಂದ ಬಿಳೀ ಮುತ್ತಿನಂಥ ಬಾರ್ಲಿ ತಂದು ಮೂರು ದಿನ ನೆನೆಹಾಕಿದೆ. ಮೊಳಕೆ ಬರಲಿಲ್ಲ, ನಾತ ಬಂತು. ಗಂಗವ್ವ ಅದನ್ನು ಬೆರಳಿನಿಂದ ಎತ್ತಿ ನೋಡಿ, “ಅಲ್ರೀ, ಇದರ ಸಿಪ್ಪಿ ತಗದು ಪಾಲಿಶ್ ಮಾಡ್ಯಾರ. ಅಕ್ಕಿ ಬಿತ್ತಿದ್ರ ಭತ್ತ ಬೆಳೀತೈತೇನು?” ಅಂದಳು. ಸಿಪ್ಪೆಯಿರುವ ಬಾರ್ಲಿ ಹುಡುಕುತ್ತ ನಾನು ಒಂದು ರಜೆ ಪೂರ್ತಿ ಅಲೆದೆ. ಕಡೆಗೆ ಗ್ರಾಂಟ್ ರೋಡಿನ ಹತ್ತಿರ, ವಿಕ್ಟೋರಿಯಾ ಗಾಡಿಗಳ ಕುದುರೆಗೆ ದಾಣಿ ಮಾರುವ ಅಂಗಡಿಯಲ್ಲಿ ಸಿಕ್ಕಿತು. ಎಷ್ಟು ಕುದುರೆ ನಿಮ್ಮವು ಎಂದು ಅಂಗಡಿಯವನು ಕೇಳಿದ. ಒಂದೇ, ಮುದಿಯಾಗಿದೆ, ಜೂನಿಗೆ ರಿಟೈರ್ ಆಗುತ್ತದೆ ಎಂದೆ. ಗಂಗವ್ವ ಅದನ್ನು ನೆನೆಸಿ, ಮಡಕಿ ಕಾಳಿಗೆ ಮಾಡುವಂತೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, ನಾಲ್ಕನೇ ದಿನ ಬಿಚ್ಚಿ ತೋರಿಸಿದಳು. ಎಲ್ಲ ಕಾಳೂ ಬಿಳೀ ಬಾಲ ಬಿಟ್ಟಿದ್ದವು. ಗ್ಯಾಲರಿಯಲ್ಲಿ ಸೀರೆ ಹಾಸಿ ಒಣಗಿಸಿ, ಒರಳಲ್ಲಿ ಕುಟ್ಟಿ ಕೊಟ್ಟಳು. ಕೆಲಸವೆಲ್ಲ ಅವಳದು. ‘ಹಾಂಗಲ್ಲ, ಹೀಂಗ’ ಎನ್ನುವುದಷ್ಟೇ ನನ್ನದು. ಇನ್‌ಚಾರ್ಜ್ ಆಗುವವನಿಗೆ ಅಷ್ಟು ರೂಢಿ ಬೇಕು.

ಏಪ್ರಿಲ್ ಕೊನೆಯ ರವಿವಾರ ಬೇಯಿಸಿದೆವು. ದೊಡ್ಡ ಪಾತೇಲಿಯಲ್ಲಿ ಬಾರ್ಲಿ ರಸ ಸೋಸಿ, ಸಕ್ಕರೆ ಹಾಕಿ, ಮತ್ತೆ ಒಲೆಗೇರಿಸಿದೆ. ಕೈ ತುಂಬ ಹಾಪುಸ್ ಎಂದಿತ್ತು. ನನ್ನ ಕೈ ದೊಡ್ಡದು, ಎರಡೂ ಕೈ ಸೇರಿದರೆ ನಾಲ್ಕು ಹಣ್ಣು. ಸಾಹೇಬರ ಕೆಲಸದಲ್ಲಿ ಜಿಪುಣತನ ಬೇಡವೆಂದು ಆರು ಹಾಕಿದೆ. ಒಂದು ತಾಸು ಕುದಿಸಬೇಕು. ಕಾಲು ತಾಸಿಗೇ ವಾಸನೆ ಎರಡೂ ಮಾಳಿಗೆ ತುಂಬಿ, ಮಕ್ಕಳು ಬಾಗಿಲಲ್ಲಿ ಸಾಲಾಗಿ ನಿಂತರು. ಪಕ್ಕದ ಖೋಲಿಯ ಸಾವಿತ್ರಿ ಕಾಕು ರತ್ನಾಗಿರಿಯವಳು. ಹಾಪುಸ್ ಹಣ್ಣನ್ನು ಅವಳು ಕೊಯ್ಯುವ ಮುಂಚೆ ಕೈ ತೊಳೆಯುತ್ತಿದ್ದಳು. ಅವಳು ಪಾತೇಲಿಯಲ್ಲಿ ಒಮ್ಮೆ ಇಣುಕಿ ನೋಡಿದಳು, ಮತ್ತೊಮ್ಮೆ ಇಣುಕಿ ನೋಡಿದಳು. ಆಮೇಲೆ, “ಅಹೋ, ಹಾಪುಸ್ ಕೋಣೀ ಶಿಜವತಾತ್ ಕಾ?” ಅಂದಳು. ಹಾಪುಸನ್ನು ಯಾರಾದರೂ ಬೇಯಿಸುತ್ತಾರೆಯೇ ಎಂಬ ಆ ಪ್ರಶ್ನೆಯಲ್ಲಿ ಎಷ್ಟು ನೋವಿತ್ತೆಂದರೆ, ಅವಳ ತವರುಮನೆಯವರನ್ನೇ ನಾನು ಪಾತೇಲಿಗೆ ಹಾಕಿದಂತಿತ್ತು. ಔಷಧ, ಔಷಧ ಎಂದೆ. ಕಾನಡಿ ಜನರ ಔಷಧವೇ ಹೀಗಿದ್ದರೆ ರೋಗ ಹೇಗಿರಬಹುದು ಎಂದು ಗಂಗವ್ವನ ಕಿವಿಯಲ್ಲಿ ಹೇಳಿ ಹೋದಳು. ಆರಿದ ಮೇಲೆ ಉಪ್ಪಿನಕಾಯಿಯ ದೊಡ್ಡ ಭರಣಿಗೆ ಸುರಿದು, ಬೇಕರಿಯಿಂದ ತಂದ ಖಮೀರು ಕಲಸಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟೆವು. ಮರುದಿನದಿಂದ ಭರಣಿ ತನ್ನಷ್ಟಕ್ಕೆ ತಾನೇ ಮಾತಾಡತೊಡಗಿತು. ಗುಳುಗುಳು ಎನ್ನುತ್ತಿತ್ತು, ಬುಸ್ ಎನ್ನುತ್ತಿತ್ತು. ಗಂಗವ್ವ ಅದರ ಕಡೆ ನೋಡುತ್ತಿದ್ದಳು, ನನ್ನ ಕಡೆ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಹೆಂಡತಿ ಕೇಳದೆ ಇರುವುದು ಕೇಳುವುದಕ್ಕಿಂತ ಭಾರ.

ಐದನೇ ದಿನ ಭರಣಿಯನ್ನು ಥಂಡಿಗೆ ಸಾಗಿಸಬೇಕಾಗಿತ್ತು. ಕುರ್ಲಾದಿಂದ ದಾದರ್, ದಾದರಿನಲ್ಲಿ ಹಳಿಗಳ ಮೇಲಿನ ಪುಲ್ ದಾಟಿ ಇನ್ನೊಂದು ಲೈನಿನ ಲೋಕಲ್, ಅಲ್ಲಿಂದ ಗೋರೆಗಾಂವ್. ದಾರುಬಂದಿಯ, ಅಂದರೆ ಪಾನನಿಷೇಧದ ಕಾಲ. ಮನೆಯಲ್ಲಿ ಇಂಥದ್ದು ಮಾಡಿದವನಿಗೆ ಕುರ್ಚಿಯ ಬದಲು ಕಂಬಿ ಸಿಗುತ್ತಿತ್ತು. ಲೋಕಲ್‌ನಲ್ಲಿ ನಿಲ್ಲಲು ಒಂದೇ ಕಾಲಿಗೆ ಜಾಗ, ತೊಡೆಗೆ ಆತುಕೊಂಡು ಭರಣಿ, ಅದು ಅಲುಗಿದಷ್ಟೂ ಬುಸುಗುಡುವುದು. ಪಕ್ಕದವನು ಹಾವೇನಾದರೂ ಇದೆಯೇ ಎಂದು ಕಾಲು ಎಳೆದುಕೊಂಡ. ದಾದರಿನ ಪುಲ್ ಮೇಲೆ ಒಬ್ಬ ಹವಾಲ್ದಾರ ತಡೆದು ಏನಿದು ಎಂದು ಕೇಳಿದ. ಅವನು ಬಗ್ಗಿ ಬಟ್ಟೆಗೆ ಮೂಗು ಹಚ್ಚಿದ. ಹದಿನಾರು ವರ್ಷದ ನೌಕರಿ, ಚಾಳು, ಗೌರಿಯ ಸಾಲೆ ಎಲ್ಲ ಆ ಮೂಗಿನ ತುದಿಯಲ್ಲಿ ನಿಂತವು. ಅವನ ಮುಖ ಮೆತ್ತಗಾಯಿತು. ಆಮರಸವೇ ಎಂದು ಕೇಳಿದ, ಹೌದೆಂದೆ. ಬೇಗ ಒಯ್ಯಿರಿ, ಸೆಕೆಗೆ ಹುಳಿಯಾಗುತ್ತಿದೆ ಎಂದು ತಾನೇ ಜನರನ್ನು ಸರಿಸಿ ದಾರಿ ಮಾಡಿಕೊಟ್ಟ.

ಸಾಹೇಬರು ತಮ್ಮ ಮನೆಯಿಂದ ಹನ್ನೆರಡು ಹಳೆಯ ಬಾಟಲಿ ತಂದಿದ್ದರು. ಚೀನಿ ಮಣ್ಣಿನ ಬಿರಡೆ, ಅದಕ್ಕೆ ತಂತಿಯ ಕೊಂಡಿ. ಸೋಸಿ ತುಂಬಿ ಕೋಲ್ಡ್ ರೂಮಿನ ಮೂಲೆಯಲ್ಲಿ ಗೋಣಿ ತಟ್ಟಿನ ಕೆಳಗೆ ಸಾಲಾಗಿ ಮಲಗಿಸಿದೆ. ಆರು ವಾರ ತೆಗೆದು ನೋಡಬಾರದೆಂದು ಸಾಹೇಬರಿಗೆ ಆಣೆ ಹಾಕಿಸಿದೆ. ಆ ಆರು ವಾರ ನಾನು ಪಟ್ಟ ಪಾಡನ್ನು ಬಾಣಂತಿಯರೂ ಪಡಲಿಕ್ಕಿಲ್ಲ. ಥಂಡಿ ಒಂದು ಡಿಗ್ರಿ ಏರಬಾರದು, ಒಂದು ಡಿಗ್ರಿ ಇಳಿಯಬಾರದು. ವಿದ್ಯುತ್ ಹೋದರೆ ಬರ್ಫಿನ ಚೂರು ತಂದು ಸುತ್ತಲೂ ಕಟ್ಟೆ ಕಟ್ಟುತ್ತಿದ್ದೆ. ನನ್ನ ಪಾಳಿ ಮುಗಿದರೂ ಮನೆಗೆ ಹೋಗಲು ಕಾಲು ಬರುತ್ತಿರಲಿಲ್ಲ, ಹೋದರೆ ನಿದ್ದೆ ಬರುತ್ತಿರಲಿಲ್ಲ. ಮೊದಲನೇ ವಾರದಲ್ಲೇ ಒಂದು ಬಾಟಲಿ ಢಬ್ ಎಂದು ಒಡೆಯಿತು. ಪಿಸ್ಟನ್ ಹೋಯಿತೆಂದು ಡಿಪ್ಲೊಮಾ ಪುಸ್ತಕ ಹಿಡಿದು ಓಡಿಬಂದ. ಅರ್ಧ ದಿನ ಕಂಪ್ರೆಸರ್ ಬಿಚ್ಚಿ ನೋಡಿ ಮತ್ತೆ ಜೋಡಿಸಿದ. ನಾನು ಪಾನಾ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ಪಾಪ. ಆಮೇಲೆ ಇನ್ನೂ ಆರು ಒಡೆದವು. ಪ್ರತಿ ಸಲವೂ ಚೂರು ಗುಡಿಸಿ, ನೆಲ ಒರೆಸಿ, ಲಾಗ್ ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಆಲ್ ಓ.ಕೆ.’ ಎಂದು ಬರೆದೆ.

ಉಳಿದ ಐದರಲ್ಲಿ ಒಂದನ್ನು ಜೂನ್ ಹದಿನೆಂಟರ ಮಧ್ಯಾಹ್ನ, ಊಟದ ಸೈರನ್ ಆದ ಮೇಲೆ, ಸಾಹೇಬರ ಗಾಜಿನ ಟೇಬಲ್ಲಿನ ಮೇಲಿಟ್ಟೆ. ಸಾಹೇಬರು ಮನೆಯಿಂದ ಉದ್ದನೆಯ ಗ್ಲಾಸು ತಂದಿದ್ದರು. ಕೊಂಡಿ ಬಿಚ್ಚಿದರು. ಬುರುಗು ಮೇಲೆದ್ದಿತು. ಬಣ್ಣ ಬಂಗಾರಕ್ಕಿಂತ ಒಂದು ಕೈ ಹೆಚ್ಚೇ, ಕೇಸರಿ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದರು. ಇನ್ನೊಂದು ಗುಟುಕು ಕುಡಿದು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

“ಬಸಪ್ಪಾ, ಏ ಕ್ಯಾ ಡಾಲಾ ರೇ?”

ಏನು ಹಾಕಿದೆಯೋ ಎಂದು ಕೇಳಿದ್ದು. ಹಾಪುಸ್ ಸಾಬ್, ನೀವು ಬರೆದ ಹಾಗೇ, ಕೈ ತುಂಬ ಅಂದಿದ್ದಿರಿ, ನಾನು ಎರಡು ಹೆಚ್ಚೇ ಹಾಕಿದ್ದೇನೆ ಎಂದೆ. ಸಾಹೇಬರು ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಕೆಮ್ಮು ಬರುವಂತೆ, ಆಮೇಲೆ ಕುರ್ಚಿಯ ಕೈ ಗುದ್ದುತ್ತ. ಹಳೆಯ ಕುರ್ಚಿ, ಎಡಗೈ ಕಳಚಿ ಬಿತ್ತು. ನಗುತ್ತಲೇ ಬಿಡಿಸಿ ಹೇಳಿದರು: ಹಾಪ್ಸ್ ಎಂದರೆ ಒಂದು ಬಳ್ಳಿಯ ಹೂವು, ಕಹಿಯಾದದ್ದು, ವಿಲಾಯತಿಯದು, ಮುಂಬಯಿಯಲ್ಲಿ ಹುಡುಕಿದರೂ ಸಿಗದು. ಅದಕ್ಕೇ ಸಿಕ್ಕರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಒಂದು ಹಿಡಿ ಬೇವಿನ ಸೊಪ್ಪು ಹಾಕು ಎಂದಿದ್ದರಂತೆ. ಚೀಟಿಯಲ್ಲೂ ಹಾಗೇ ಬರೆದಿದ್ದರಂತೆ. ಬೇವಿನ ಗಿಡ ನಮ್ಮ ಕಾರಖಾನೆಯ ಗೇಟಿನಲ್ಲೇ ಇತ್ತು. ನಾನು ದಿನಾ ಅದರ ಕೆಳಗೇ ಹಾದು ಬರುತ್ತಿದ್ದೆ. ಬೇವು ಅಂದಲ್ಲಿ ಮಾವು ಹಾಕಿದ್ದೆ. ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವರ ನಗು ಅರ್ಧಕ್ಕೆ ನಿಂತಿತು. ಆ ಚೀಟಿ ಇದೆಯೇ ಎಂದು ಕೇಳಿದರು. ಜೇಬಿನಲ್ಲೇ ಇತ್ತು, ಎರಡು ತಿಂಗಳು ದೇವರ ಅಂಗಾರದಂತೆ ಇಟ್ಟುಕೊಂಡಿದ್ದೆ. ಅದನ್ನು ನನ್ನ ಮುಂದೆ ಚಾಚಿದರು.

“ಪಢ್.”

ಓದು ಎಂದರೆ, ಕನ್ನಡಕ ಮನೆಯಲ್ಲಿದೆ ಎಂದೆ. ತಮ್ಮ ಕನ್ನಡಕ ತೆಗೆದು ಕೊಟ್ಟರು. ಹಾಕಿಕೊಂಡೆ. ಮೊದಲೇ ಕಾಣದಿದ್ದದ್ದು ಈಗ ಇನ್ನೂ ಕಾಣದಾಯಿತು. ವಾಟರ್ ಎಂದೆ, ಬಾಯಿಲ್ ಎಂದೆ, ಹ್ಯಾಂಡ್ ಎಂದೆ. ಆಮೇಲೆ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟೆ. ಸಾಹೇಬರು ಎದ್ದು ಕಪಾಟಿನಿಂದ ಹಳೆಯ ಲಾಗ್ ಬುಕ್ ತೆಗೆದು, ಗ್ಯಾಸ್ ಸೋರಿದ ದಿನದ ಹಾಳೆ ಹುಡುಕಿ ತೆರೆದರು. ನನ್ನ ಕೈಬರಹ. ಆಲ್ ಓ.ಕೆ. ಸಾಹೇಬರು ಮೆಲ್ಲಗೆ ಹೇಳಿದರು: ಆರು ವರ್ಷದಿಂದ ಅವರು ಹೋದಲ್ಲೆಲ್ಲ ಈ ಹಾಳೆಯ ಕತೆ ಹೇಳುತ್ತ ಬಂದಿದ್ದರಂತೆ. ನಮ್ಮಲ್ಲಿ ಒಬ್ಬ ಗಂಡಸಿದ್ದಾನೆ, ಸಾವಿನ ಬಾಯಿಗೆ ಹೋಗಿ ವಾಲ್ವ್ ಮುಚ್ಚಿ ಬಂದು, ಏನೂ ಆಗಿಲ್ಲವೆಂಬಂತೆ ಎಲ್ಲ ಸರಿಯಾಗಿದೆ ಎಂದು ಬರೆದಿಟ್ಟ, ಎಂಥ ಗುಂಡಿಗೆ ಅವನದು ಎಂದು. ಅವರು ನಗುತ್ತಿದ್ದದ್ದು ಅಭಿಮಾನಕ್ಕೆ, ನಾನು ಹಾಗೆ ಬರೆದದ್ದು ಬೇರೆ ಬರೆಯಲು ಬಾರದ್ದಕ್ಕೆ. ಈಗ ಆ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಅಮೋನಿಯಾದಲ್ಲಿ ನನ್ನ ಕಣ್ಣು ಅಷ್ಟು ಉರಿದಿರಲಿಲ್ಲ.

ಆದರೂ ಗ್ಲಾಸನ್ನು ಅರ್ಧಕ್ಕೆ ಬಿಡಲಿಲ್ಲ, ದೊಡ್ಡ ಮನುಷ್ಯರು. ಇದು ಲಾಗರಲ್ಲ, ಆದರೆ ಥಂಡಿ ಮಾತ್ರ ಬರೋಬರ್ ಎಂದರು. ಇಷ್ಟು ಸಮನಾದ ಥಂಡಿಯನ್ನು ಜರ್ಮನಿಯಲ್ಲೂ ಕುಡಿದಿಲ್ಲವಂತೆ. ಆಮೇಲೆ ಒಂದು ಮಾತು ಹೇಳಿದರು. ಹತ್ತು ದಿನ ಸಮಯವಿದೆ, ಗ್ಯಾಸ್ ಸೋರಿದ ದಿನ ಏನಾಯಿತೆಂದು ಒಂದು ಹಾಳೆ ಇಂಗ್ಲಿಷಿನಲ್ಲಿ ನೀನೇ ಬರೆದು ತಾ, ಕಲಿತು ಬರೆದರೂ ಸರಿ, ತಪ್ಪಾದರೂ ಸರಿ, ನಿಜವಾಗಿರಬೇಕು. ಅದನ್ನು ಹಿಡಿದುಕೊಂಡೇ ಸೇಠ್ ಬಳಿ ನಿನ್ನ ಹೆಸರು ಹೇಳುತ್ತೇನೆ.

ಹತ್ತರಲ್ಲಿ ಆರು ದಿನ ಅಭಿಮಾನಕ್ಕೇ ಹೋದವು. ಏಳನೆಯ ದಿನ ಸಂಜೆ ಗೌರಿಯ ಪಕ್ಕ ಕೂತು, ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಗಂಗವ್ವ ಅಕ್ಕಿ ಆರಿಸುತ್ತಿದ್ದಳು. ಗೌರಿ ಪುಸ್ತಕ ಕೆಳಗಿಟ್ಟಳು. ಅವಳ ಕನ್ನಡ ಮರಾಠಿಯ ಮೇಲೆ ಕೈಯೂರಿಕೊಂಡು ನಡೆಯುವಂಥದು.

“ಅಪ್ಪಾ, ಮಗ್ ಹಂಗಾದ್ರ ನನ್ನ ರಿಪೋರ್ಟ್ ಕಾರ್ಡ್ ಹೆಂಗ ಓದ್ತಿದ್ದಿ?”

ಸಹಿ ಮಾಡುತ್ತಿದ್ದೆ ಎಂದೆ.

“ಚೌಥಿ ಇಯತ್ತ್ಯಾಗ ಮಿಸ್ ‘ಟಾಕ್ಸ್ ಟೂ ಮಚ್’ ಅಂತ ಬರದಿದ್ರು. ಕ್ಲಾಸಿನ್ಯಾಗ ಭಾಳ ಮಾತಾಡ್ತಾಳ ಅಂತ. ನೀ ನೋಡಿ ‘ಶಾಬಾಸ್’ ಅಂದಿ, ಪೇಢೆ ಕೊಡಿಸ್ದಿ.”

ಗಂಗವ್ವ ಅಕ್ಕಿಯಿಂದ ತಲೆ ಎತ್ತದೆಯೇ, “ನನಗ ಲಗ್ನಾದ ವರ್ಷನ ಗೊತ್ತಿತ್ತು” ಅಂದಳು. ನೀನು ಹೇಳಲಿಲ್ಲವಲ್ಲ ಎಂದೆ. “ನೀವು ಔಷಧ ಅಂದದ್ದು ಬುಸುಗುಟ್ಟಿದಾಗ ನಾ ಏನರೆ ಹೇಳಿದ್ನೇನ್ರಿ?” ಎಂದಳು. ಅದಾದ ಮೇಲೆ ಆ ಖೋಲಿಯಲ್ಲಿ ನಾನು ಮುಚ್ಚಿಡಬೇಕಾದದ್ದು ಏನೂ ಉಳಿಯಲಿಲ್ಲ. ಬೆನ್ನ ಮೇಲಿನ ಬರ್ಫಿನ ಚಪ್ಪಡಿ ಇಳಿಸಿದಂತೆ ಒಮ್ಮೆಲೇ ಸುಸ್ತಾಗಿ, ಗೋಡೆಗೆ ಒರಗಿದೆ. ಗೌರಿ ಪಾಟಿ ತಂದಳು. ಮೂರು ದಿನ ಅವಳು ಹೇಳಿಕೊಟ್ಟಳು, ನಾನು ತಿದ್ದಿದೆ. ಒಂದು ಸಲ ಕೈಗೆ ಫುಟ್ಟಪಟ್ಟಿಯಿಂದ ಹೊಡೆದೂ ಹೊಡೆದಳು. ಹಾಳೆಯಲ್ಲಿ ಬರೆದದ್ದು ನಾಲ್ಕೇ ಸಾಲು. ಗ್ಯಾಸ್ ಲೀಕ್. ಐ ಕ್ಲೋಸ್ ವಾಲ್ವ್. ಐ ವಾಸ್ ಅಫ್ರೇಡ್. ನಾಟ್ ಓ.ಕೆ.

ಸಾಹೇಬರು ಅದನ್ನು ಎರಡು ಸಲ ಓದಿದರು. ಅಫ್ರೇಡ್ ಎಂಬುದರಲ್ಲಿ ಒಂದು ಅಕ್ಷರ ತಿದ್ದಿ, ಮಡಚಿ ಜೇಬಿನಲ್ಲಿಟ್ಟುಕೊಂಡು ಸೇಠ್‌ ಕ್ಯಾಬಿನ್ನಿಗೆ ಹೋದರು. ಅರ್ಧ ತಾಸಿನ ಮೇಲೆ ಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ. ಡಿಪ್ಲೊಮಾನ ಹೆಸರಿಗೆ ಕಾಗದ ಹಿಂದಿನ ದಿನವೇ ಟೈಪ್ ಆಗಿತ್ತು. ಸೇಠ್‌ಗೆ ಕಾಯುವ ತಾಳ್ಮೆ ಇರಲಿಲ್ಲ. ಸಾಹೇಬರು ಬಹಳ ವಾದಿಸಿ ನನಗೆ ‘ಅಸಿಸ್ಟಂಟ್ ಇನ್‌ಚಾರ್ಜ್’ ಎಂಬ ಪದವಿ ಕೊಡಿಸಿದರು. ಹಳೆಯ ಕೆಲಸಕ್ಕೇ ಉದ್ದನೆಯ ಹೆಸರು ಅಷ್ಟೇ. ಎರಡು ದಿನ ಮುಂಚೆ ತಂದಿದ್ದರೆ ಆಗುತ್ತಿತ್ತಲ್ಲೋ ಎಂದರು. ಎರಡು ದಿನ ಎಂಬುದನ್ನು ನಾನು ಮನಸ್ಸಿನಲ್ಲೇ ಇಪ್ಪತ್ತು ವರ್ಷ ಎಂದು ತಿದ್ದಿಕೊಂಡೆ. ಉಳಿದ ನಾಲ್ಕು ಬಾಟಲಿಯನ್ನು ಕೊನೆಯ ವಾರದಲ್ಲಿ ಒಂದೊಂದಾಗಿ ಕುಡಿದು, ಖಾಲಿ ಬಾಟಲಿಗಳನ್ನು ನನಗೇ ಬಿಟ್ಟು, ಆ ಹಾಳೆಯನ್ನು ಮಾತ್ರ ಒಯ್ದರು. ಈಗಲೂ ಹೋದಲ್ಲೆಲ್ಲ ಅದನ್ನೇ ತೋರಿಸುತ್ತಾರೆಂದು ಕೇಳಿದ್ದೇನೆ. ಡಿಪ್ಲೊಮಾ ಬಂದವನೇ ತನಗೆ ತಿರುಗುವ ಕುರ್ಚಿ ತರಿಸಿಕೊಂಡ. ಹಳೆಯದು ಯಾರಿಗೂ ಬೇಡವಾಗಿ ಕಂಪ್ರೆಸರಿನ ಪಕ್ಕಕ್ಕೆ ಬಂತು. ಯಂತ್ರದ ಸದ್ದು ಬದಲಾದರೆ ಅವನು ಬಂದು ಏನಾಗಿದೆ ಅಣ್ಣಾ ಎಂದು ಕೇಳುತ್ತಾನೆ, ನಾನು ಕೂತೇ ಹೇಳುತ್ತೇನೆ.

ಇದೆಲ್ಲ ಆಗಿ ಐದು ವರ್ಷವಾಯಿತು. ಈಗ ನನ್ನ ಹತ್ತಿರ ಇರುವುದು ಇಷ್ಟು. ಎಡಗೈ ಇಲ್ಲದ ಕುರ್ಚಿ ಒಂದು. ಎಡಗಿವಿ ಬಿಟ್ಟರೆ ಕಿವಿಯೂ ಒಂದು. ಚೀನಿ ಬಿರಡೆಯ ಬಾಟಲಿ ಐದು, ಅವುಗಳಲ್ಲಿ ಗಂಗವ್ವ ಎಣ್ಣೆ ಹಾಕಿಡುತ್ತಾಳೆ. ಕನ್ನಡಕ ಒಂದು, ಈ ಸಲ ನಿಜವಾದದ್ದು. ಹೆಚ್ಚಾಗಿ ಮನೆಯಲ್ಲೇ ಮರೆತು ಬಂದಿರುತ್ತೇನೆ, ಹೇಳಿದರೆ ಯಾರೂ ನಂಬುವುದಿಲ್ಲ. ಓದಲು ಬರುವ ಇಂಗ್ಲಿಷ್ ಶಬ್ದ ಇನ್ನೂರಾ ಏಳು, ಬರೆಯಲು ಬರುವವು ತೊಂಬತ್ತು. ಹಾಪ್ಸ್ ಹೂವು, ಸೊನ್ನೆ.